ಚಳಿಗಾಲದ ಒಂದು ಭಾನುವಾರ: ಪೊಳ್ಳಾಚಿಯಿಂದ ಆನೆಮಲೆಗೆ

ಕೆನಡಾ ದೇಶದ ಪಶ್ಚಿಮ ಕರಾವಳಿಯಲ್ಲಿ ವ್ಯಾಂಕೂವರ್ ಎಂಬ ದೊಡ್ಡ ದ್ವೀಪವಿದೆ. ಅದರ ದಕ್ಷಿಣ ತುದಿಯ ವಿಕ್ಟೋರಿಯಾ ನಗರದಲ್ಲಿ ಚಳಿಗಾಲವೆಂದರೆ ಬಹುಮಟ್ಟಿಗೆ ಮಳೆಗಾಲವೇ. ಸಮುದ್ರದ ಗಾಳಿಯಿಂದಾಗಿ ಅಲ್ಲಿ ಹಿಮ ಬೀಳುವುದು ಅಪರೂಪ. ಅದೇ ದ್ವೀಪದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲಾದರೋ ಆಳೆತ್ತರದ ಹಿಮ ಸುರಿಯುತ್ತದೆ. ಜನ ಬೆಚ್ಚನೆಯ ಕರಾವಳಿಯಿಂದ ಹೊರಟು, ಬೆಟ್ಟ ಹತ್ತಿ, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ‘ಸ್ಕೀಯಿಂಗ್’ ಆಡಿ ಬರುತ್ತಾರೆ. ಚಳಿಗಾಲವೆಂದು ಮನೆಯಲ್ಲೇ ಕೂರುವುದಿಲ್ಲ.

ಪೊಳ್ಳಾಚಿಯವರಾದ ನಮಗೆ ಹಿಮವಿಲ್ಲ. ಆದರೆ ಬೆಟ್ಟ ಇದೆ. ಊರು ಸಮುದ್ರಮಟ್ಟದಿಂದ 300 ಮೀಟರಿಗೂ ಕಡಿಮೆ ಎತ್ತರದಲ್ಲಿದೆ. ಸುಮಾರು 65 ಕಿಲೋಮೀಟರ್ ದೂರದ ವಾಲ್ಪಾರೈ 1000 ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6 ಡಿಗ್ರಿ ಇಳಿಯುತ್ತದೆ. ಬೆಳಿಗ್ಗೆ ಅಂಗಿಯಲ್ಲಿ ಹೊರಟವರು ಎರಡು-ಮೂರು ಗಂಟೆಯೊಳಗೆ ಸ್ವೆಟರ್ ಹುಡುಕಬೇಕಾಗುತ್ತದೆ! ಹೀಗಿದ್ದರೂ ನಮ್ಮಲ್ಲಿ ಎಷ್ಟು ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಆ ಬೆಟ್ಟದಲ್ಲಿ ನಾಲ್ಕು ಹೆಜ್ಜೆ ನಡೆದಿವೆ? ವಾರವಿಡೀ ಗದ್ದುಗೆಯ ಮೇಲೆ ಕುಳಿತು ಬೆಲ್ಲ, ತೆಂಗಿನಕಾಯಿ, ಜವಳಿಯ ಲೆಕ್ಕ ನೋಡುವ ನಮಗೆ ಭಾನುವಾರವೂ ಕುಳಿತೇ ಕಳೆದುಹೋಗುತ್ತದೆ.

ಯಾವಾಗ ಹೋಗಬೇಕು?

ಆನೆಮಲೆಗೆ ಎರಡು ಮಳೆಗಾಲ. ಜೂನ್‌ನಿಂದ ನೈಋತ್ಯ ಮಾರುತ, ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ಭಾಗದವರೆಗೆ ಈಶಾನ್ಯ ಮಾರುತ. ಆ ತಿಂಗಳುಗಳಲ್ಲಿ ಹುಲ್ಲಿನ ತುಂಬ ಜಿಗಣೆ. ಮಕ್ಕಳು ಅಂಜುತ್ತಾರೆ, ತಿಳಿಯದೆ ತುಳಿದರೆ ಜೀವಹಿಂಸೆಯೂ ಹೌದು. ಫೆಬ್ರವರಿ ಕಳೆದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ನಡುವಿನ ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ದಿನಗಳೇ ನಡೆಯಲು ತಕ್ಕ ಕಾಲ. ಮುಂಜಾನೆ ಚಹಾ ತೋಟಗಳ ಮೇಲೆ ಮಂಜು, ಹತ್ತು ಗಂಟೆಗೆ ಎಳೆಬಿಸಿಲು. ಸಂಕ್ರಾಂತಿ-ಪೊಂಗಲ್ ರಜೆಯಲ್ಲಿ ಮಾತ್ರ ವಿಪರೀತ ಜನಸಂದಣಿ. ಆ ವಾರ ಬಿಟ್ಟರೆ ಒಳ್ಳೆಯದು.

ಸೂರ್ಯಾಸ್ತಕ್ಕೆ ಮೊದಲು

ಆರು ಗಂಟೆಗೆ ಮನೆ ಬಿಟ್ಟರೆ ಸೂರ್ಯೋದಯದ ಹೊತ್ತಿಗೆ ಆಳಿಯಾರ್ ಅಣೆಕಟ್ಟಿನ ದಾರಿಯಲ್ಲಿರಬಹುದು. ಉಪಾಹಾರ ಅಲ್ಲಿಯೇ ಆಗಲಿ. ಅಲ್ಲಿಂದ ಮೇಲೆ 40 ತಿರುವುಗಳು. ಪ್ರತಿ ತಿರುವಿಗೂ ಸಂಖ್ಯೆಯ ಫಲಕವಿದೆ. ಮಕ್ಕಳಿಗೆ ಎಣಿಸುವ ಕೆಲಸ ಕೊಡಿ, ವಾಂತಿಯ ನೆನಪೇ ಬರುವುದಿಲ್ಲ. ಒಂಬತ್ತನೆಯ ತಿರುವಿನ ನೋಟದ ಕಟ್ಟೆಯಿಂದ ಕೆಳಗಿನ ಆಳಿಯಾರ್ ಜಲಾಶಯವೂ ತೆಂಗಿನ ತೋಟಗಳ ಬಯಲೂ ಒಟ್ಟಿಗೆ ಕಾಣುತ್ತವೆ. ತಮಿಳುನಾಡಿನ ರಾಜ್ಯಪ್ರಾಣಿಯಾದ ನೀಲಗಿರಿ ತಾರ್, ಅಂದರೆ ವರೈಯಾಡು, ಎಷ್ಟೋ ಸಲ ಅಲ್ಲಿಯ ಬಂಡೆಗಳ ಮೇಲೆ ನಿಂತಿರುತ್ತದೆ.

ಬೆಟ್ಟದ ಹೋಟೆಲುಗಳಲ್ಲಿ ಈರುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆ ಸಿಕ್ಕೀತೆಂದು ನಂಬಬೇಡಿ. ಚಪಾತಿ, ಹೆಸರುಕಾಳಿನ ಪಲ್ಯ, ಎಳ್ಳುಂಡೆ, ಕಾಯಿಸಿ ಸೋಸಿದ ನೀರು ಇವೆಲ್ಲ ಸ್ಟೀಲ್ ಡಬ್ಬಿಗಳಲ್ಲಿ ಮನೆಯಿಂದಲೇ ಬರಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ತಮಿಳುನಾಡಿನಲ್ಲಿ 2019ರಿಂದಲೇ ನಿಷೇಧವಿದೆ. ಚಳಿಗಾಲದಲ್ಲಿ ಸುಮಾರು ಆರು ಗಂಟೆಗೆ ಸೂರ್ಯಾಸ್ತ. ಮಧ್ಯಾಹ್ನ ಮೂರಕ್ಕೆಲ್ಲ ಇಳಿಯಲು ತೊಡಗಿದರೆ ಐದಕ್ಕೆ ಬುಡದಲ್ಲಿ ಸಂಜೆಯ ಊಟ ಮುಗಿಸಬಹುದು. ರಾತ್ರಿ ಉಣ್ಣಬಾರದೆಂಬ ನಮ್ಮ ಹಿರಿಯರ ನಿಯಮ, ಕತ್ತಲಾಗುವ ಮೊದಲು ಕಾಡು ಬಿಡಬೇಕೆಂಬ ಬೆಟ್ಟದ ನಿಯಮ ಎರಡಕ್ಕೂ ಒಂದೇ ವೇಳಾಪಟ್ಟಿ!

ಮರಗಳು ಜಾರಿದ ಜಾಗ

ಇನ್ನೊಂದು ಭಾನುವಾರ ಟಾಪ್ ಸ್ಲಿಪ್ಪಿಗೆ ಹೋಗಬಹುದು. ಪೊಳ್ಳಾಚಿಯಿಂದ 40 ಕಿಲೋಮೀಟರಿನೊಳಗೇ. ಇಲ್ಲಿ ಇಳಿಜಾರಿನಲ್ಲಿ ಜಾರಿದ್ದು ಮನುಷ್ಯರಲ್ಲ, ತೇಗದ ದಿಮ್ಮಿಗಳು. 19ನೆಯ ಶತಮಾನದಲ್ಲಿ ಹಡಗು ಕಟ್ಟಲು, ರೈಲುಹಾದಿಗೆ ಎಂದು ಬ್ರಿಟಿಷರು ಇಲ್ಲಿಯ ತೇಗವನ್ನು ಕಡಿದು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಜಾರಿಸುತ್ತಿದ್ದರು. ಹೆಸರು ಬಂದದ್ದು ಹಾಗೆ. ಬಂಡವಾಳವನ್ನೇ ತಿಂದು ಹಾಕಿದ ವ್ಯಾಪಾರ ಅದು. ಆಮೇಲೆ ಬಂದ ಅರಣ್ಯಾಧಿಕಾರಿ ಹ್ಯೂಗೋ ವುಡ್ ಬೋಳಾದ ಬೆಟ್ಟದಲ್ಲಿ ಮತ್ತೆ ತೇಗ ಬೆಳೆಸಿದರು. ಜೇಬಿನ ತುಂಬ ಬೀಜ ಹಾಕಿಕೊಂಡು ನಡೆಯುತ್ತ, ಊರುಗೋಲಿನಿಂದ ನೆಲಕ್ಕೆ ಚುಚ್ಚಿ ಒಂದೊಂದೇ ಬೀಜ ಹಾಕುತ್ತಿದ್ದರೆಂದು ಇಂದಿಗೂ ಹೇಳುತ್ತಾರೆ. 1933ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿಯೇ ತೇಗದ ನೆರಳಲ್ಲಿದೆ. 2007ರಿಂದ ಇದು ಹುಲಿ ರಕ್ಷಿತಾರಣ್ಯ. ಅರಣ್ಯ ಇಲಾಖೆಯ ವಾಹನದಲ್ಲಿ, ಇಲ್ಲವೇ ಇಲಾಖೆಯ ಮಾರ್ಗದರ್ಶಿಯೊಡನೆ ಮಾತ್ರ ಒಳಗೆ ಹೋಗಬೇಕು.

ಹಣ್ಣು ಕೊಡುವುದು ದಯೆಯೇ?

ಹೋದ ಚಳಿಗಾಲ ನಾವು ವಾಲ್ಪಾರೈ ಸಮೀಪದ ಪುದುತೋಟ್ಟಂ ದಾಟುವಾಗ ರಸ್ತೆ ಬದಿಯಲ್ಲಿ ಸಿಂಗಳೀಕಗಳ ಗುಂಪು ಕಂಡಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಜಗತ್ತಿನಲ್ಲಿ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ. ನನ್ನ ಮೊಮ್ಮಗ ಕಿಟಕಿಯಿಂದ ಬಾಳೆಹಣ್ಣು ಎಸೆದ. ನಾನೇ ಅವನ ಕೈಗೆ ಹಣ್ಣು ಕೊಟ್ಟವನು. ಪುಣ್ಯದ ಕೆಲಸವೆಂದೇ ತಿಳಿದಿದ್ದೆ. ಮರಿಯನ್ನು ಅಪ್ಪಿಕೊಂಡ ತಾಯಿಯೊಂದು ಹಣ್ಣಿಗಾಗಿ ರಸ್ತೆಗೆ ಜಿಗಿಯಿತು. ಎದುರಿನಿಂದ ಬಂದ ಜೀಪು ಕಿರ್ರೆಂದು ನಿಂತದ್ದು ಅದರಿಂದ ಒಂದು ಗೇಣು ದೂರದಲ್ಲಿ.

ಅಲ್ಲಿದ್ದ ಕಾವಲುಗಾರ ಬೈಯಲಿಲ್ಲ. “ಅಯ್ಯಾ, ಇವತ್ತು ನೀವು ಹಣ್ಣು ಹಾಕುತ್ತೀರಿ. ನಾಳೆ ಅದು ಇನ್ನೊಂದು ಗಾಡಿಯ ಸದ್ದು ಕೇಳಿ ಓಡಿ ಬರುತ್ತದೆ” ಎಂದಷ್ಟೇ ಹೇಳಿದ. ಕಾಡಿನ ಹಣ್ಣು ಬಿಟ್ಟು ರಸ್ತೆಗೆ ಬಂದ ಸಿಂಗಳೀಕಗಳು ಗಾಡಿಗಳಿಗೆ ಸಿಕ್ಕಿ ಸಾಯುತ್ತವೆ. ಅದಕ್ಕಾಗಿಯೇ ಅಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ, ಕಾವಲುಗಾರರನ್ನು ಇಟ್ಟಿದ್ದಾರೆ. ಊರಿನವರೆಗೂ ಮೊಮ್ಮಗ ಮಾತಾಡಲಿಲ್ಲ. ಕೊನೆಗೆ, “ಅಜ್ಜಾ, ಹಾಗಾದರೆ ನಾವು ಏನೂ ಕೊಡಬಾರದಾ?” ಎಂದ. “ದಾರಿ ಕೊಡಬೇಕು ಮಗಾ” ಎಂದೆ.

ಆನೆಗೂ ಅದೇ ಮಾತು. ವಾಲ್ಪಾರೈಯ ಚಹಾ ತೋಟಗಳ ನಡುವೆ ಆನೆಗಳು ರಾತ್ರಿ ಓಡಾಡುತ್ತವೆ. ಎಲ್ಲಿವೆಯೆಂದು ಮೊಬೈಲ್ ಸಂದೇಶ, ಕೇಬಲ್ ಟಿವಿ, ಮಿನುಗುವ ಕೆಂಪು ದೀಪಗಳ ಮೂಲಕ ಜನರಿಗೆ ತಿಳಿಸುವ ವ್ಯವಸ್ಥೆಯಿದೆ. ಇದನ್ನು ರೂಪಿಸಿದ ವಿಜ್ಞಾನಿ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ಅಂತರರಾಷ್ಟ್ರೀಯ ವಿಟ್ಲಿ ಪ್ರಶಸ್ತಿ ಬಂತು. ಕೆಂಪು ದೀಪ ಕಂಡರೆ ಮುಂದೆ ಹೋಗಬೇಡಿ. ದಾರಿಯಲ್ಲಿ ಆನೆ ಕಂಡರೆ ದೂರದಲ್ಲೇ ಗಾಡಿ ನಿಲ್ಲಿಸಿ. ಹಾರ್ನ್ ಬೇಡ, ಫೋಟೋಗೆಂದು ಇಳಿಯುವುದೂ ಬೇಡ.

ಹೊರಡುವ ಮೊದಲು ಅರಣ್ಯ ತಪಾಸಣೆಯ ಸಮಯ, ಇ-ಪಾಸ್ ನಿಯಮ ವಿಚಾರಿಸಿಕೊಳ್ಳಿ. ಇಳಿಯುವಾಗ ಗಾಡಿ ಕೆಳಗಿನ ಗೇರಿನಲ್ಲಿರಲಿ, ಹತ್ತುವ ಗಾಡಿಗೆ ದಾರಿ ಬಿಡಿ. ಮಕ್ಕಳು, ಹಿರಿಯರು ಎಲ್ಲರೂ ಅನುಮತಿಯಿರುವ ದಾರಿಯಲ್ಲಿ ಒಂದು ಗಂಟೆಯಾದರೂ ನಡೆಯಲಿ, ಕಾಲಿನ ಕೆಳಗೆ ನೋಡುತ್ತ ನಡೆಯಲಿ. ಸೋಮವಾರ ಅಂಗಡಿಯ ಬಾಗಿಲು ತೆರೆಯುವಾಗ ಮೈ ಸ್ವಲ್ಪ ನೋಯುತ್ತದೆ, ಮನಸ್ಸು ಮಾತ್ರ ಹಗುರಾಗಿರುತ್ತದೆ.