ಡ್ರಮ್ಮರ್ ಕಿವಿಗೆ ಹದಿನೈದು ನಿಮಿಷದ ಗಡುವು

ಮೆಟಾಲಿಕಾ ರಾಕ್ ತಂಡದ ಡ್ರಮ್ಮರ್ ಲಾರ್ಸ್ ಉಲ್ರಿಚ್ ಅವರಿಗೆ ವೇದಿಕೆ ಇಳಿದ ಮೇಲೂ ಸದ್ದಿನಿಂದ ಬಿಡುಗಡೆಯಿಲ್ಲ. ಸುತ್ತ ನಿಶ್ಶಬ್ದವಿದ್ದರೂ ಕಿವಿಯೊಳಗೆ ಗುಂಯ್‌ಗುಡುವ ಟಿನಿಟಸ್, ಅಂದರೆ ಕಿವಿಮೊರೆತ, ತಮ್ಮನ್ನು ಕಾಡುತ್ತಿದೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಡ್ರಮ್ಮರ್‌ಗಳಿಗೇ ಈ ಅಪಾಯ ಹೆಚ್ಚು, ಏಕೆ? ಸದ್ದು ಹುಟ್ಟುವ ಜಾಗ ಅವರ ಕೈಯಳತೆಯಲ್ಲೇ ಇರುತ್ತದೆ. ಅದೂ ಸಿಡಿಯುವಂಥ ಸದ್ದು. ಜೋರು ದನಿ ಬಿದ್ದೊಡನೆ ನಡುಗಿವಿಯ ಪುಟ್ಟ ಸ್ನಾಯು ಬಿಗಿದುಕೊಂಡು ಒಳಗಿವಿಯನ್ನು ಒಂದಿಷ್ಟು ಕಾಯುತ್ತದೆ, ನಿಜ. ಆದರೆ ಬಿಗಿಯಲು ಅದಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಒಳಹೊಕ್ಕಿರುತ್ತದೆ.

ಒಳಗಿವಿಯ ಕಾಕ್ಲಿಯಾದಲ್ಲಿ ಕಂಪನವನ್ನು ನರಸಂಕೇತವಾಗಿಸುವ ಸುಮಾರು 15,000 ರೋಮಕೋಶಗಳಿವೆ. ಕೋಳಿಯಂಥ ಹಕ್ಕಿಗಳಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುತ್ತವೆ. ಮನುಷ್ಯರಿಗೆ ಆ ಭಾಗ್ಯವಿಲ್ಲ. ಗದ್ದಲದ ಹಾನಿ ಸಾಮಾನ್ಯವಾಗಿ ಮೊದಲು ಕಾಣುವುದು 4,000 ಹರ್ಟ್ಸ್ ಆಸುಪಾಸಿನಲ್ಲಿ. ಮಾತು ಕೇಳುತ್ತಿರುತ್ತದೆ, ಆದರೆ ಜನಜಂಗುಳಿಯಲ್ಲಿ ಸ, ಶ, ತ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ನೋವಿಲ್ಲದ ಕಾರಣ ಯಾರೂ ಗಮನಿಸುವುದಿಲ್ಲ.

ಲೆಕ್ಕ ಸರಳ. ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಧ್ವನಿಶಕ್ತಿ ಇಮ್ಮಡಿ, ಅವಧಿ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100 ಡೆಸಿಬಲ್‌ಗೆ ಬರೀ 15 ನಿಮಿಷ! ಸರಾಸರಿ 100 ಡೆಸಿಬಲ್‌ನಲ್ಲಿ ಎರಡು ತಾಸು ತಾಲೀಮು ಮಾಡಿದರೆ ದಿನದ ಮಿತಿಯ ಎಂಟು ಪಟ್ಟು ಕಿವಿಗೆ ಬಿದ್ದಂತೆ.

ಹತ್ತಿ ತುರುಕಿದರೆ ಸಾಲದು. ಫೋಮ್ ಇಯರ್‌ಪ್ಲಗ್ ರಕ್ಷಿಸುತ್ತದಾದರೂ ತಾರಸ್ಥಾಯಿಯ ಸ್ವರಗಳನ್ನೇ ಹೆಚ್ಚು ನುಂಗುತ್ತದೆ. ಸಿಂಬಲ್ ಮಂಕಾಗಿ ಕೇಳಿಸುವುದರಿಂದ ವಾದಕರು ಅದನ್ನು ಕಿತ್ತೆಸೆಯುತ್ತಾರೆ. ಈ ತಕರಾರಿಗೆ ಪರಿಹಾರವಾಗಿ 1980ರ ದಶಕದ ಕೊನೆಯಲ್ಲಿ ಎಟಿಮೋಟಿಕ್ ರಿಸರ್ಚ್ ಕಂಪನಿ ಇಆರ್-15 ಎಂಬ ಫಿಲ್ಟರನ್ನು ತಂದಿತು. ಅದು ಎಲ್ಲ ಸ್ಥಾಯಿಗಳನ್ನೂ ಹೆಚ್ಚುಕಡಿಮೆ ಸಮನಾಗಿ 15 ಡೆಸಿಬಲ್ ತಗ್ಗಿಸುತ್ತದೆ. ಸರಿಯಾಗಿ ಕೂತರೆ 100 ಡೆಸಿಬಲ್ ಕಿವಿಗೆ 85 ಆಗಿ ತಲುಪುತ್ತದೆ. ಹದಿನೈದು ನಿಮಿಷದ ಗಡುವು ಎಂಟು ತಾಸಿಗೆ ಹಿಗ್ಗುತ್ತದೆ.

ಈ ಲೆಕ್ಕ ರಾಕ್ ಸಂಗೀತಕ್ಕಷ್ಟೇ ಸೀಮಿತವಲ್ಲ. ಡೊಳ್ಳು, ತಮಟೆ, ಚೆಂಡೆ ಬಾರಿಸುವವರ ಕಿವಿಯಲ್ಲಿರುವುದೂ ಅದೇ ರೋಮಕೋಶಗಳು. ಕಾರ್ಯಕ್ರಮದ ಮರುದಿನವೂ ಕಿವಿ ಗುಂಯ್‌ಗುಟ್ಟಿದರೆ, ಮಾತು ಮಸುಕಾದರೆ ತಡಮಾಡದೆ ಶ್ರವಣತಜ್ಞರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ವಾದ್ಯ ಕಲಿಯಲು ಹೊರಟ ಮಕ್ಕಳಿಗೆ ಕೋಲಿನ ಜೊತೆಗೇ ಒಂದು ಜೊತೆ ಇಯರ್‌ಪ್ಲಗ್ಗನ್ನೂ ಕೊಡಿಸಿ.