ಡಬ್ಬಿಯ ಜರಿ ಊಟ ಬಿಟ್ಟಿದೆಯಾ? ಕಡ್ಡಿಯಿಂದ ತಿವಿಯುವ ಮೊದಲು ಇದನ್ನು ಓದಿ

ಗೊಬ್ಬರ ಗುಂಡಿ ಕೆದಕುವಾಗ ಸಿಕ್ಕ ಜರಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಸಾಕುವ ಹುಡುಗರು ಈಗ ಅಲ್ಲಲ್ಲಿ ಕಾಣಸಿಗ್ತಾರೆ. ಅವರು ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸಿ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಥರ. "ಅಣ್ಣಾ, ಹದಿನೈದು ದಿನದಿಂದ ಏನೂ ತಿಂತಿಲ್ಲ." "ರಾತ್ರಿಯೆಲ್ಲ ಗೋಡೆ ಹತ್ತೋಕೆ ನೋಡ್ತದೆ." "ತನ್ನ ಕಾಲನ್ನ ತಾನೇ ಕಚ್ಕೊಳ್ತಿದೆ." ಜೊತೆಗೆ, ಸಾಯ್ತಾ ಇದೆ ಅಂದುಕೊಂಡು ಕಡ್ಡಿಯಿಂದ ತಿವಿದು ಎಬ್ಬಿಸುವವರೂ ಇದ್ದಾರೆ. ಚೆನ್ನಾಗಿಯೇ ಇದ್ದ ಜರಿ ಈ ಉಪಚಾರದಿಂದ ಸಾಯಬಹುದು.

ಮೊದಲು ಅದರ ಮೈ ಹೇಗಿದೆ ಅಂತ ತಿಳ್ಕೊಳ್ಳಿ. ಹೆಸರು ಶತಪದಿ, ಆದರೆ ನಮ್ಮ ತೋಟದ ದೊಡ್ಡ ಜರಿಗೆ ಸಾಮಾನ್ಯವಾಗಿ ಇರೋದು 21 ಜೊತೆ ಕಾಲು. ಇದು ಸ್ಕೊಲೋಪೆಂಡ್ರಾ ಜಾತಿಯದು. ಉಸಿರಾಟಕ್ಕೆ ಮೈಯ ಎರಡೂ ಪಕ್ಕ ಸಣ್ಣ ರಂಧ್ರಗಳಿವೆ. ಮಿಡತೆ, ಜಿರಳೆಗಳು ಇಂಥ ರಂಧ್ರಗಳನ್ನು ಬೇಕಾದಾಗ ಮುಚ್ಚಿಕೊಳ್ಳುತ್ತವೆ, ಜರಿಗೆ ಅದು ಸಾಧ್ಯವಿಲ್ಲ. ಕೀಟಗಳ ಚರ್ಮದ ಮೇಲೆ ನೀರು ಆರದಂತೆ ಇರುವ ಮೇಣದ ಪದರವೂ ಇದಕ್ಕೆ ಸರಿಯಾಗಿಲ್ಲ. ಹಾಗಾಗಿ ಒಣಗಾಳಿಯಲ್ಲಿ ಮೈಯ ನೀರು ಬೇಗ ಆರಿಹೋಗ್ತದೆ. ಜರಿ ಹಗಲು ಸೋಗೆಯ ಕೆಳಗೆ, ಕಲ್ಲಿನಡಿ, ತೆಂಗಿನ ಸಿಪ್ಪೆ ರಾಶಿಯಲ್ಲಿ ಅವಿತು, ರಾತ್ರಿ ಮಾತ್ರ ಹೊರಗೆ ಬರೋದು ಇದೇ ಕಾರಣಕ್ಕೆ. ಡಬ್ಬಿಯಲ್ಲಿ ನೀವು ಕಾಣುವ ಅರ್ಧದಷ್ಟು "ವಿಚಿತ್ರ" ಈ ನೀರಿನ ಲೆಕ್ಕಕ್ಕೇ ಬರ್ತದೆ.

ಗೋಡೆ ಹತ್ತುವುದನ್ನೇ ನೋಡಿ. ಹೊಸ ಡಬ್ಬಿಗೆ ಬಂದ ಮೊದಲ ಎರಡು ಮೂರು ರಾತ್ರಿ ಓಡಾಡೋದು ಸಹಜ, ಜಾಗ ಪರೀಕ್ಷೆ ಮಾಡ್ತಿರ್ತದೆ. ವಾರ ಕಳೆದರೂ ನಿಲ್ಲದಿದ್ದರೆ ಮಣ್ಣು ಮುಟ್ಟಿ ನೋಡಿ. ಹಿಡಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಉಂಡೆಯೇ ಆಗದಿದ್ದರೆ ಒಣಗಿದೆ. ಕೆಸರಾಗಿ ವಾಸನೆ ಬಂದರೆ ಅತಿಯಾಗಿದೆ, ಒಳಗೆ ಗಾಳಿಯಿಲ್ಲ. ಮಳೆ ಹಿಡಿದಾಗ ಜರಿಗಳು ಬಚ್ಚಲಿಗೆ, ಅಡುಗೆಮನೆಗೆ ನುಗ್ಗುವುದು ಗೊತ್ತಲ್ಲ? ಬಿಲಕ್ಕೆ ನೀರು ತುಂಬಿದ್ದರಿಂದ ಅದು ಎತ್ತರದ ಜಾಗ ಹುಡುಕ್ತದೆ. ಡಬ್ಬಿಯಲ್ಲೂ ಅದೇ ಕಥೆ. ಕೋಕೋಪೀಟ್ ಮತ್ತು ತೋಟದ ಮಣ್ಣು ಬೆರೆಸಿ ಮೂರ್ನಾಲ್ಕು ಇಂಚು ಹಾಕಿ. ಒಂದು ಬದಿ ಒದ್ದೆ, ಇನ್ನೊಂದು ಬದಿ ಸ್ವಲ್ಪ ಒಣ ಇರಲಿ, ಎಲ್ಲಿರಬೇಕು ಅಂತ ಅದೇ ಆರಿಸಿಕೊಳ್ಳಲಿ. ಒಂದು ತೊಗಟೆ ಚೂರು ಅಥವಾ ಅಡಿಕೆ ಹಾಳೆಯ ತುಂಡು ಮೇಲೆ ಇಟ್ಟರೆ ಮನೆ ಆಯ್ತು. ಹೊಟ್ಟೆಗೂ ಬೆನ್ನಿಗೂ ಏನಾದರೂ ತಾಗುತ್ತಿದ್ದರೇ ಅದಕ್ಕೆ ನೆಮ್ಮದಿ. ಮಣ್ಣಿನ ಮೇಲೆ ಉಳಿಯುವ ಗೋಡೆ ಜರಿಯ ಉದ್ದಕ್ಕಿಂತ ಒಂದೂವರೆ ಪಟ್ಟಾದರೂ ಎತ್ತರ ಇರಲಿ. ಇದು ಮೂಲೆ ಹಿಡಿದು ತನ್ನಷ್ಟೇ ಉದ್ದಕ್ಕೆ ನಿಲ್ಲಬಲ್ಲದು, ಮುಚ್ಚಳ ಸಡಿಲ ಇದ್ದರೆ ಬೆಳಗ್ಗೆ ನಿಮ್ಮ ಹಾಸಿಗೆಯಲ್ಲಿ ಹುಡುಕಬೇಕಾಗ್ತದೆ!

ಕಾಲು ಕಚ್ಚಿಕೊಳ್ಳುವುದು ಕಾಯಿಲೆ ಅಲ್ಲ. ಬೆಕ್ಕು ಮೈ ನೆಕ್ಕಿಕೊಂಡ ಹಾಗೆ ಜರಿ ತನ್ನ ಮೀಸೆ, ಕಾಲುಗಳನ್ನು ಒಂದೊಂದಾಗಿ ಬಾಯಿಗೆ ತಂದು ಶುಚಿ ಮಾಡಿಕೊಳ್ತದೆ. ಹಿಂದಿನ ಎರಡು ಉದ್ದ ಕಾಲು ಎತ್ತಿ ನಿಲ್ಲಿಸಿದರೆ "ಹತ್ತಿರ ಬರಬೇಡ" ಅಂತ ಅರ್ಥ. ಆ ಮಾತು ಕೇಳಿ.

ಇನ್ನು ಊಟ ಬಿಡುವ ವಿಷಯ. ದೊಡ್ಡ ಜರಿಗೆ ವಾರಕ್ಕೋ ಹತ್ತು ದಿನಕ್ಕೋ ಒಂದು ಜಿರಳೆ ಸಾಕು, ದಿನಾ ಹಾಕುವವರಿಗೆ ಅದು ಉಪವಾಸ ಕೂತ ಹಾಗೆ ಕಾಣೋದು ಸಹಜ. ಆದರೆ ಎರಡು ಮೂರು ವಾರ ಮುಟ್ಟದೆ, ಮೈಬಣ್ಣ ಮಂಕಾಗಿ, ಉಬ್ಬಿದಂತೆ ಕಂಡು, ಬಿಲದ ಬಾಯಿ ಮುಚ್ಚಿಕೊಂಡು ಕೂತರೆ ಅದು ಪೊರೆ ಬಿಡುವ ತಯಾರಿ. ತಲೆಯ ಹತ್ತಿರ ಹಳೇ ಚರ್ಮ ಒಡೆದು, ಮೈ ನಿಧಾನಕ್ಕೆ ಹೊರಗೆ ಜಾರಿ ಬರ್ತದೆ. ಬಂದ ಮೈ ಮೃದು, ಬಣ್ಣವೂ ತಿಳಿ. ವಿಷದ ಕೊಂಡಿಗಳೂ ಗಟ್ಟಿಯಾಗಿರಲ್ಲ, ಅಂದರೆ ಬೇಟೆಯೂ ಆಗಲ್ಲ, ರಕ್ಷಣೆಯೂ ಇಲ್ಲ. ಈ ಹೊತ್ತಲ್ಲಿ ಪ್ರೀತಿಯಿಂದ ಒಂದು ದೊಡ್ಡ ಜಿರಳೆ ಬಿಟ್ಟರೆ ಆ ಜಿರಳೆಯೇ ಜರಿಯನ್ನು ಕಡಿದು ಗಾಯ ಮಾಡಬಹುದು. ಇರುವೆ ನುಗ್ಗಿದರೂ ಕಷ್ಟ. ಹಾಗಾಗಿ ತಿನ್ನದೆ ಉಳಿದ ಜೀವವನ್ನು ಮಾರನೆ ದಿನವೇ ತೆಗೀರಿ, ಪೊರೆ ಬಿಟ್ಟ ಮೇಲೆ ಒಂದು ವಾರ ಏನೂ ಹಾಕಬೇಡಿ. ಬಿಟ್ಟ ಪೊರೆಯನ್ನು ತಾನೇ ತಿಂದರೂ ಹೆದರಬೇಡಿ. ಕಾಲು ಕಳಕೊಂಡ ಜರಿಗೆ ಪೊರೆ ಬಿಟ್ಟ ಮೇಲೆ ಅದೇ ಜಾಗದಲ್ಲಿ ಸಣ್ಣ ಕಾಲು ಮೂಡ್ತದೆ.

ಸುರುಳಿ ಸುತ್ತಿ ಅಲುಗಾಡದೆ ಕೂತಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಮೊಬೈಲ್ ಟಾರ್ಚ್ ಹಾಕದೆ, ಡಬ್ಬಿಯ ಪಕ್ಕದಿಂದಲೇ ಗಮನಿಸಿ. ನಡುವೆ ಹಳದಿ ಮೊಟ್ಟೆಗಳ ಗೊಂಚಲು ಇರಬಹುದು. ತೋಟದಿಂದ ಹಿಡಿದು ತಂದ ಹೆಣ್ಣು ಡಬ್ಬಿಯಲ್ಲಿ ಒಂಟಿಯಾಗಿದ್ದೂ ಮೊಟ್ಟೆ ಇಡಬಲ್ಲದು, ಹೊರಗಿರುವಾಗಲೇ ಗಂಡಿನ ಜೊತೆ ಕೂಡಿರ್ತದೆ. ತಾಯಿ ಮೊಟ್ಟೆಗಳನ್ನು ನೆಲಕ್ಕೆ ತಾಗದಂತೆ ಕಾಲುಗಳಲ್ಲಿ ಎತ್ತಿ ಹಿಡಿದು, ಬೂಷ್ಟು ಹಿಡಿಯದಂತೆ ನೆಕ್ಕುತ್ತಾ ವಾರಗಟ್ಟಲೆ ಉಪವಾಸ ಕಾಯ್ತದೆ. ಮರಿಗಳು ಹೊರಬಂದ ಮೇಲೂ ತಾವೇ ಓಡಾಡುವಷ್ಟು ಆಗುವ ತನಕ ಬಿಡಲ್ಲ. ಈ ಮಧ್ಯೆ ಮುಚ್ಚಳ ತೆಗೆದು ಬೆಳಕು ಬಿಟ್ಟರೆ, ಅಲುಗಾಡಿಸಿದರೆ, ತಾಯಿ ತನ್ನ ಮೊಟ್ಟೆಗಳನ್ನೇ ತಿಂದುಬಿಡಬಹುದು. ರೀಲ್ಸ್ ಆಸೆಗೆ ಒಂದು ಸಂಸಾರ ಹಾಳು ಮಾಡಬೇಡಿ.

ಇಷ್ಟರ ತನಕ ಹೇಳಿದ್ದಕ್ಕೆಲ್ಲ ಮದ್ದು ಒಂದೇ, ಸುಮ್ಮನೆ ಬಿಡೋದು. ಆದರೆ ಒಂದು ಲಕ್ಷಣ ಮಾತ್ರ ಬೇರೆ. ಜರಿ ನಡೆಯುವಾಗ ಕಾಲುಗಳು ಅಲೆ ಎದ್ದ ಹಾಗೆ ಒಂದರ ಹಿಂದೆ ಒಂದು ಚಲಿಸ್ತವೆ. ಆ ಅಲೆ ಮುರಿದು ಕಾಲುಗಳು ನಡುಗುತ್ತಿದ್ದರೆ, ಮೈ ತಿರುಚಿಕೊಂಡರೆ, ಅಂಗಾತ ಬಿದ್ದು ಮಗುಚಿಕೊಳ್ಳಲಾಗದೆ ಒದ್ದಾಡಿದರೆ ಮೊದಲ ಅನುಮಾನ ವಿಷದ ಮೇಲೆ ಇರಲಿ. ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್ ಎರಡೂ ನರಗಳ ಮೇಲೆ ಕೆಲಸ ಮಾಡುವ ವಿಷಗಳು. ಕೀಟದ ನರಕ್ಕೂ ಜರಿಯ ನರಕ್ಕೂ ಅವು ಭೇದ ಮಾಡಲ್ಲ. ಸಿಂಪಡಿಸಿದ ಗದ್ದೆಯ ಬದುವಿನಿಂದ ಮಿಡತೆ ಹಿಡಿದು ತಂದಿದ್ದೀರಾ? ಹಿಟ್ ಹೊಡೆದ ಅಡುಗೆಮನೆಯ ಜಿರಳೆಯಾ? ಡಬ್ಬಿ ಇಟ್ಟ ಕೋಣೆಯಲ್ಲಿ ಸೊಳ್ಳೆ ಬತ್ತಿ ಉರೀತದಾ? ಮೂರನ್ನೂ ಕೇಳಿಕೊಳ್ಳಿ. ಕೂಡಲೇ ವಿಷ ಸೋಕದ ಮಣ್ಣಿಗೆ ಬದಲಾಯಿಸಿ, ಬಾಟಲಿ ಮುಚ್ಚಳದಲ್ಲಿ ನೀರಿಟ್ಟು, ಗಾಳಿಯಾಡುವ ಕತ್ತಲ ಜಾಗದಲ್ಲಿಡಿ. ಅದಕ್ಕೆ ಕೊಡುವ ಔಷಧಿ ಅಂತ ಏನೂ ಇಲ್ಲ.

ಡಬ್ಬಿಯಲ್ಲಿ ಈ ನಡುಕ ನೋಡಿದವರಿಗೆ ತೋಟದಲ್ಲಿ ಕಂಡರೂ ಗುರುತು ಸಿಗ್ತದೆ. ಬೇರುಹುಳಕ್ಕೆ ಅಂತ ಅಡಿಕೆ ಬುಡಕ್ಕೆ ವಿಷ ಸುರಿದ ಮಾರನೇ ದಿನ, ಹಟ್ಟಹಗಲಲ್ಲಿ ಜರಿಗಳು ಮೇಲೆ ಬಂದು ತಿರುಚಿಕೊಳ್ಳುತ್ತಿದ್ದರೆ, ಹುಳ ತಿನ್ನುವವರನ್ನೂ ಸೇರಿಸಿ ಕೊಂದಿದ್ದೀರಿ ಅಂತ ಅರ್ಥ.

ಎಷ್ಟೇ ಸಾಕಿದರೂ ಜರಿ ಕೈಮೇಲೆ ಬಿಟ್ಟುಕೊಳ್ಳುವ ಪ್ರಾಣಿ ಅಲ್ಲ. ಎತ್ತಬೇಕಾದರೆ ಉದ್ದನೆ ಇಕ್ಕಳ ಇಲ್ಲವೇ ಮಗ್ಗು, ರಟ್ಟು ಬಳಸಿ. ಕಚ್ಚಿದರೆ ಸೋಪು ನೀರಲ್ಲಿ ತೊಳೆದು, ತಡೆಯುವಷ್ಟು ಬಿಸಿಯ ನೀರಿನಲ್ಲಿ ಅದ್ದಿಟ್ಟರೆ ನೋವು ಸಾಮಾನ್ಯವಾಗಿ ಇಳೀತದೆ. ಕೊಯ್ಯೋದು, ಬಿಗಿಯಾಗಿ ಕಟ್ಟೋದು ಬೇಡ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆಸುತ್ತು ಬಂದರೆ, ಅಥವಾ ಕಚ್ಚಿದ್ದು ಸಣ್ಣ ಮಗುವಿಗಾದರೆ ನೇರ ಆಸ್ಪತ್ರೆಗೆ ಹೋಗಿ.

ಸಾಕಿದ್ದು ಸಾಕು ಅನ್ನಿಸಿದರೆ ಸಂಜೆ ಕತ್ತಲಾದ ಮೇಲೆ, ಹಿಡಿದ ಜಾಗದಲ್ಲೇ ಒದ್ದೆ ತರಗೆಲೆ ಕೆಳಗೆ ಬಿಡಿ. ಎರೆಹುಳು ತೊಟ್ಟಿಯ ಹತ್ತಿರ ಮಾತ್ರ ಬೇಡ, ಅಲ್ಲಿ ಅದಕ್ಕೆ ದಿನಾ ಹಬ್ಬದೂಟ.