ವೆಬ್‌ಸೈಟಿನ ಅಂಗಡಿಗೂ ಮುದ್ರೆ ಬೇಕು



ಯಲಹಂಕದ ಹತ್ತಿರ ಪುಟ್ಟೇನಹಳ್ಳಿಯಲ್ಲಿ ನರ್ಸರಿ ಇಟ್ಟುಕೊಂಡಿರುವ ಹಿರಿಯರೊಬ್ಬರು ಮೊನ್ನೆ ನನ್ನನ್ನು ನಿಲ್ಲಿಸಿ ಕೇಳಿದರು: "ಸ್ವಾಮೀ, ನಮ್ಮ ಹುಡುಗ ನರ್ಸರಿಗೆ ಒಂದು ವೆಬ್‌ಸೈಟು ಮಾಡಿಸ್ದ. ತೆಗೆದ್ರೆ ಸಾಕು, 'ಸುರಕ್ಷಿತವಲ್ಲ' ಅನ್ನುತ್ತೆ ಫೋನು. ನಾನು ಯಾರಿಗೆ ಮೋಸ ಮಾಡಿದೀನಿ?" ಗಿಡ ಚೆನ್ನಾಗಿದೆ, ಬೆಲೆ ನ್ಯಾಯವಾಗಿದೆ, ಆದರೂ ಹೊಸ ಗಿರಾಕಿ ಬಾಗಿಲಿನಿಂದಲೇ ಹಿಂದಿರುಗುತ್ತಾನೆ. ದೇವನಹಳ್ಳಿಯ ಚಕ್ಕೋತವಾಗಲಿ, ಮನೆಯಲ್ಲಿ ಒತ್ತಿದ ಹಪ್ಪಳವಾಗಲಿ, ಸ್ವಂತ ವೆಬ್‌ಸೈಟಿನಲ್ಲಿ ಮಾರಹೊರಟವರೆಲ್ಲರಿಗೂ ಈ ಪ್ರಶ್ನೆ ಸೇರಿದ್ದು.

ಫೋನು ಹೇಳುವುದು ನಿಮ್ಮ ನಡತೆಯ ವಿಷಯವಲ್ಲ, ದಾರಿಯ ವಿಷಯ. ಗಿರಾಕಿ ಬರೆದು ಕಳಿಸುವ ಹೆಸರು, ವಿಳಾಸ, ಫೋನ್ ನಂಬರು ನಿಮ್ಮನ್ನು ಮುಟ್ಟುವ ಮೊದಲು ಹಲವಾರು ಯಂತ್ರಗಳನ್ನು ಹಾದು ಬರಬೇಕು. ಹಳೆಯ ಪದ್ಧತಿಯ ವೆಬ್‌ಸೈಟಿನಲ್ಲಿ ಅದು ಅಂಚೆ ಕಾರ್ಡಿನಂತೆ ಬರುತ್ತದೆ. ನಡುವೆ ಕೈಗೆ ಸಿಕ್ಕವನು ಓದಬಹುದು, ಎರಡಕ್ಷರ ತಿದ್ದಲೂಬಹುದು. ವಿಳಾಸದ ಮೊದಲಲ್ಲಿ 'ಎಚ್‌ಟಿಟಿಪಿಎಸ್' ಇದ್ದರೆ ಅದೇ ಬರಹ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬರುತ್ತದೆ. 2018ರ ಜುಲೈ ತಿಂಗಳಿಂದ ಗೂಗಲ್‌ನ ಕ್ರೋಮ್, ಬೀಗವಿಲ್ಲದ ವೆಬ್‌ಸೈಟುಗಳಿಗೆಲ್ಲ 'ಸುರಕ್ಷಿತವಲ್ಲ' ಎಂಬ ಚೀಟಿ ಅಂಟಿಸತೊಡಗಿತು.

ಇದರ ಬಗೆ, ಸ್ಥೂಲವಾಗಿ ಹೇಳುವುದಾದರೆ, ಹೀಗೆ. ನೀವು ತೆರೆದ ಬೀಗಗಳನ್ನು ಗಿರಾಕಿಗಳಿಗೆಲ್ಲ ಹಂಚುತ್ತೀರಿ; ಬೀಗದ ಕೈ ಮಾತ್ರ ನಿಮ್ಮ ಸೊಂಟದಲ್ಲೇ ಇರುತ್ತದೆ. ಅದುಮಿ ಹಾಕುವುದು ಯಾರಿಂದಲಾದರೂ ಆಗುತ್ತದೆ, ತೆಗೆಯುವುದು ನಿಮ್ಮೊಬ್ಬರಿಂದಲೇ. ಸರಿ, ನಡುದಾರಿಯಲ್ಲಿ ಕಳ್ಳನೊಬ್ಬ ನಿಂತು "ನರ್ಸರಿಯವರ ಬೀಗ ಇದೇ ಕಣಪ್ಪಾ" ಅಂತ ತನ್ನ ಬೀಗ ಕೊಟ್ಟುಬಿಟ್ಟರೆ? ಪ್ರಮಾಣಪತ್ರ ಬೇಕಾಗುವುದು ಅಲ್ಲಿಯೇ. 'ಈ ಬೀಗ ಈ ವಿಳಾಸದ್ದೇ ಹೌದು' ಎಂದು, ಫೋನು ನಂಬುವಂಥ ಮೂರನೆಯ ಸಂಸ್ಥೆಯೊಂದು ಒತ್ತುವ ಮುದ್ರೆ ಅದು.

ಮುದ್ರೆ ಒತ್ತುವವರೇ ತಪ್ಪಿದ್ದೂ ಉಂಟು. 2014ರ ಜುಲೈನಲ್ಲಿ ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರದ ಕಡೆಯಿಂದಲೇ ಗೂಗಲ್ ಹೆಸರಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು. ಗೂಗಲ್‌ನವರು ಪತ್ತೆಹಚ್ಚಿ ತಿಳಿಸಿದ ಮೇಲೆ ಅವು ರದ್ದಾದವು.

ಇನ್ನೊಂದು ಮಾತು, ಇದನ್ನು ಮನೆಮಂದಿಯೆಲ್ಲ ಕೇಳಬೇಕು. ಬಿತ್ತನೆ ಬೀಜದ ಚೀಲಕ್ಕೆ ಹೊಲಿದ ನೀಲಿ ಚೀಟಿ ನಿಮಗೆ ಗೊತ್ತು. ಆ ಚೀಟಿಯಿದ್ದರೆ ಬೀಜದ ಮೊಳಕೆ, ಶುದ್ಧತೆ ಪರೀಕ್ಷೆಯಾಗಿದೆ ಎಂದರ್ಥ. ವೆಬ್‌ಸೈಟಿನ ಪ್ರಮಾಣಪತ್ರ ಅಂಥದ್ದಲ್ಲ. ಅದು ಚೀಲದ ಬಾಯಿ ಭದ್ರವಾಗಿದೆ, ಮೇಲಿನ ವಿಳಾಸ ಸರಿಯಾಗಿದೆ ಅನ್ನುತ್ತದೆಯೇ ಹೊರತು ಒಳಗಿನ ಕಾಳಿನ ಸುದ್ದಿಗೆ ಹೋಗುವುದಿಲ್ಲ. ಮೋಸಗಾರನೂ ತನ್ನ ವಿಳಾಸಕ್ಕೆ ಒಂದು ಪ್ರಮಾಣಪತ್ರ ತೆಗೆದುಕೊಳ್ಳಬಲ್ಲ. ಬೀಗದ ಚಿತ್ರ ಕಂಡೊಡನೆ ಅಂಗಡಿಯೇ ನಂಬಿಕಸ್ಥ ಎಂದು ಜನ ತಪ್ಪು ತಿಳಿಯುತ್ತಿದ್ದುದರಿಂದಲೇ ಕ್ರೋಮ್‌ನವರು 2023ರಲ್ಲಿ ಆ ಚಿತ್ರವನ್ನು ತೆಗೆದುಹಾಕಿದರು. ಆದುದರಿಂದ ನೀವು ಗೊಬ್ಬರವನ್ನೋ ಪಂಪನ್ನೋ ಕೊಳ್ಳುವಾಗ ವಿಳಾಸವನ್ನು ಅಕ್ಷರ ಬಿಡದೆ ಓದಿ. ಒಂದಕ್ಷರ ಆಚೀಚೆಯಾದರೂ ಅದು ಬೇರೆಯವರ ಮನೆ.

ಖರ್ಚೆಷ್ಟು ಅಂತ ಕೇಳ್ತೀರಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಪುಕ್ಕಟೆಯಾಗಿ ಕೊಡುತ್ತ ಬಂದಿದೆ. ಆದುದರಿಂದ ಬರೀ ಪ್ರಮಾಣಪತ್ರಕ್ಕೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಏತಕ್ಕೆಂದು ವಿಚಾರಿಸಿ. ಆದರೆ ಇದಕ್ಕೆ ವಾಯಿದೆ ಉಂಟು; ಆ ಸಂಸ್ಥೆಯದು ಬಹುಕಾಲ 90 ದಿನದ್ದೇ. ವಾಯಿದೆ ಮುಗಿದರೆ ಫೋನು ಮೊದಲಿಗಿಂತ ಜೋರಾಗಿಯೇ ಗದರುತ್ತದೆ. ತಾನಾಗಿ ನವೀಕರಣವಾಗುವಂತೆ ಮಾಡಿಕೊಡಲು ವೆಬ್‌ಸೈಟು ಕಟ್ಟಿದವನಿಗೆ ಮೊದಲೇ ಹೇಳಿ.

ಪುಟ್ಟೇನಹಳ್ಳಿಯ ಹಿರಿಯರ ಮಗ ಅದನ್ನು ಹಾಗೆಯೇ ಮಾಡಿಸಿದ್ದಾನೆ. ಹಿರಿಯರಿಗೆ ಮಾತ್ರ ಯಂತ್ರದ ಮೇಲೆ ಪೂರಾ ನಂಬಿಕೆಯಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಸು ಈಯುವ ದಿನದ ಪಕ್ಕದಲ್ಲಿ ವಾಯಿದೆಯ ದಿನಕ್ಕೂ ಒಂದು ಗುರುತು ಹಾಕಿಕೊಂಡಿದ್ದಾರೆ.